ನೀರಿಗೆ ಅಳೆದ ಬಾಗಿಲು

ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಆದವಾನಿಯಲ್ಲಿ ಎಲ್ಲಕ್ಕಿಂತ ಒಣಗಿದ ಜಾಗ ಯಾವುದು ಎಂದು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಕಡೆ ಕೈ ತೋರಿಸಿಯಾರು. ಕೋಟೆ ಬೆಟ್ಟದ ಬಂಡೆ ಎಂದು ಒಬ್ಬರು, ಆಲೂರು ದಾರಿಯ ಎರೆಹೊಲ ಎಂದು ಇನ್ನೊಬ್ಬರು, ನೀರು ಬಿಡುವುದು ನಿಂತ ತುಂಗಭದ್ರಾ ಕೆಳಮಟ್ಟದ ಕಾಲುವೆಯ ತಳ ಎಂದು ಮತ್ತೊಬ್ಬರು. ನನ್ನನ್ನು ಕೇಳಿದರೆ ಯಾವುದಾದರೂ ಮನೆಯ ಅಡುಗೆಕೋಣೆಗೆ ಕರೆದುಕೊಂಡು ಹೋಗಿ ಫ್ರಿಜ್ಜಿನ ಬೆನ್ನ ಹಿಂದಿರುವ ತಾಮ್ರದ ಕೊಳವೆಯನ್ನು ತೋರಿಸುತ್ತೇನೆ. ಆ ಕೊಳವೆಯ ಒಳಗಿನಷ್ಟು ಒಣಗಿದ ಜಾಗ ಆ ಊರಿನಲ್ಲಿ ಬೇರೆ ಇಲ್ಲ. ಬಿಸಿಲು ಒಣಗಿಸಿದ್ದಲ್ಲ ಅದು. ಮನುಷ್ಯರು ಬೇಕೆಂದೇ ಒಣಗಿಸಿ, ಮುಚ್ಚಿ, ವರ್ಷಗಟ್ಟಲೆ ಕಾಪಾಡಿಕೊಂಡು ಬಂದದ್ದು.

ಇಂಥ ಸೀಮೆಯಲ್ಲಿ ಒಣಗುವುದನ್ನು ಯಾರೂ ಹಾರೈಸುವುದಿಲ್ಲ. ಆದವಾನಿ, ಆಲೂರು, ಹೊಳಗುಂದಿ, ಕೌತಾಳ, ಕೋಸಿಗಿ: ಇವೆಲ್ಲ ಮಳೆ ನೆರಳಿನ ಊರುಗಳು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ದಿನದಿಂದ ಕರ್ನೂಲಿಗೆ ಸೇರಿದವು. ಮನೆಮಾತು ಕನ್ನಡವಾಗಿರುವವರು ಅಲ್ಲಿ ಇಂದಿಗೂ ಇದ್ದಾರೆ, ಮಳೆಯ ಲೆಕ್ಕದಲ್ಲಂತೂ ಆ ನೆಲ ಬಳ್ಳಾರಿ ಸೀಮೆಯಾಗಿಯೇ ಉಳಿದಿದೆ. ಅಲ್ಲಿನ ಜನರ ಮಾತಿನಲ್ಲಿ ನೀರು ಯಾವತ್ತೂ ಬರಬೇಕಾದದ್ದು, ಕಾಯಬೇಕಾದದ್ದು, ಕಾಲುವೆಗೆ ಬಿಟ್ಟ ದಿನ ಓಡಿಹೋಗಿ ನೋಡಬೇಕಾದದ್ದು. ಅಂಥ ಊರಿನಲ್ಲಿ, ಒಂದು ಹನಿ ನೀರು ಒಳಗೆ ಹೋದರೂ ಕೆಟ್ಟು ಕೂರುವ ಯಂತ್ರ ಮನೆಮನೆಯಲ್ಲೂ ಗುಂಯ್‌ಗುಡುತ್ತಿದೆ ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡಿದ ಸೋಜಿಗ.

ಆ ಯಂತ್ರದೊಳಗೆ ನೀರನ್ನು ಕಾಯುವ ಕಾವಲಿನ ಹೆಸರು ಫಿಲ್ಟರ್. ಕೆಲವು ಮೆಕ್ಯಾನಿಕ್‌ಗಳು ಡ್ರೈಯರ್ ಎನ್ನುತ್ತಾರೆ. ಮನೆಯ ಫ್ರಿಜ್ಜಿನಲ್ಲಾದರೆ ಗೇಣಿಗಿಂತ ಗಿಡ್ಡನೆಯ, ಬೆರಳು ದಪ್ಪದ ತಾಮ್ರದ ಕೊಳವೆ ಅದು. ಎರಡೂ ತುದಿಗಳನ್ನು ಒತ್ತಿ ಸಣ್ಣದು ಮಾಡಿರುತ್ತಾರೆ. ಒಳಗೆ ಎರಡು ಕಡೆ ಸಣ್ಣ ಕಣ್ಣಿನ ಲೋಹದ ಜಾಲರಿ, ಜಾಲರಿಗಳ ನಡುವೆ ಸಾಸಿವೆಗಿಂತ ತುಸು ದಪ್ಪನೆಯ ಮಾಸಲು ಬಣ್ಣದ ಗುಂಡು ಕಾಳುಗಳು. ಕಂಪ್ರೆಸರ್ ಒತ್ತಿ ಕಳಿಸಿದ ಗ್ಯಾಸು ಕಂಡೆನ್ಸರ್‌ನಲ್ಲಿ ತನ್ನ ಶಾಖ ಬಿಟ್ಟು ದ್ರವವಾಗಿ ಇಲ್ಲಿಗೆ ಇಳಿಯುತ್ತದೆ, ಕಾಳುಗಳ ಸಂದಿಯಲ್ಲಿ ನುಸುಳಿ ಕ್ಯಾಪಿಲರಿಗೆ ಹೋಗುತ್ತದೆ. ಕ್ಯಾಪಿಲರಿ ಎಂದರೆ ಒಳಗಿನ ಕಂಡಿ ಒಂದು ಮಿಲಿಮೀಟರೂ ಇಲ್ಲದ ನೀಳ ನಳಿಗೆ. ಅದರ ಕೊನೆಯಲ್ಲಿ ಒತ್ತಡ ತಟ್ಟನೆ ಬೀಳುತ್ತದೆ, ದ್ರವ ಕುದಿದು ಮತ್ತೆ ಆವಿಯಾಗುತ್ತದೆ, ತಂಪು ಹುಟ್ಟುತ್ತದೆ.

ಆ ನಳಿಗೆಯ ಬಾಯಲ್ಲೇ ನೀರಿನ ಕಿತಾಪತಿ. ಗ್ಯಾಸಿನ ಜೊತೆ ಕದ್ದು ಬಂದ ನೀರು ಸೊನ್ನೆ ಡಿಗ್ರಿಗಿಂತ ಕೆಳಗಿಳಿದ ಆ ಜಾಗಕ್ಕೆ ಮುಟ್ಟಿದೊಡನೆ ಹೆಪ್ಪುಗಟ್ಟುತ್ತದೆ. ಒಂದು ಹರಳು ಸಾಕು, ದಾರಿ ಮುಚ್ಚಿತು. ಗ್ಯಾಸಿನ ಹರಿವು ನಿಂತು ಫ್ರಿಜ್ಜು ಬೆಚ್ಚಗಾಗುತ್ತದೆ, ಬೆಚ್ಚಗಾದಾಗ ಹರಳು ಕರಗುತ್ತದೆ, ಹರಿವು ಮತ್ತೆ ಶುರು, ಮತ್ತೆ ತಂಪು, ಮತ್ತೆ ಹರಳು. ಮನೆಯವರಿಗೆ ಇದು ಅರ್ಥವಾಗದ ಕಾಯಿಲೆ. ಬೆಳಿಗ್ಗೆ ಐಸ್ ಕಟ್ಟಿದ್ದು ಸಂಜೆಗೆ ನೀರಾಗಿರುತ್ತದೆ, ಮರುದಿನ ತಾನಾಗಿಯೇ ಸರಿಹೋಗಿರುತ್ತದೆ. ನುರಿತ ಮೆಕ್ಯಾನಿಕ್ ಆ ಜಾಗಕ್ಕೆ ತುಸು ಶಾಖ ತಾಗಿಸಿ ಕಿವಿಯಿಟ್ಟು ಕೇಳುತ್ತಾನೆ. ಸುಸ್ ಎಂದು ಹರಿವಿನ ಸದ್ದು ಮರಳಿ ಬಂದರೆ ಅವನಿಗೆ ಗೊತ್ತಾಗಿಹೋಗುತ್ತದೆ. “ಗ್ಯಾಸ್ ಹೋಗಿಲ್ಲಣ್ಣ, ಒಳಗೆ ನೀರು ಕುಂತೈತೆ” ಎನ್ನುತ್ತಾನೆ. ಕಣ್ಣಿಗೆ ಕಾಣದ ಒಂದು ಹರಳನ್ನು ಬರೀ ಕಿವಿಯಿಂದ ಕಂಡುಹಿಡಿಯುವ ಆ ಜಾಣತನ ನನಗೆ ದೊಡ್ಡ ವಿದ್ಯೆಯಾಗಿಯೇ ಕಾಣುತ್ತದೆ.

ಹೆಪ್ಪುಗಟ್ಟುವುದು ನೀರು ಮಾಡುವ ಸಣ್ಣ ಕೇಡು. ದೊಡ್ಡದು ನಿಧಾನವಾಗಿ ನಡೆಯುತ್ತದೆ. ನೀರು, ಶಾಖ, ಗ್ಯಾಸು ಮೂರೂ ಬಹುಕಾಲ ಜೊತೆಗಿದ್ದರೆ ಗ್ಯಾಸಿನಲ್ಲಿರುವ ಕ್ಲೋರಿನ್, ಫ್ಲೋರಿನ್ ಆಮ್ಲಗಳಾಗಿ ಬಿಡಿಸಿಕೊಳ್ಳುತ್ತವೆ. ಆರ್-134ಎ ಗ್ಯಾಸಿನ ಜೊತೆಗಿರುವ ಎಸ್ಟರ್ ಎಣ್ಣೆಯಂತೂ ನೀರು ಸಿಕ್ಕರೆ ಒಡೆದು ತಾನೇ ಆಮ್ಲವಾಗುತ್ತದೆ. ಆ ಆಮ್ಲ ಕೊಳವೆಯ ತಾಮ್ರವನ್ನು ಅಷ್ಟಷ್ಟೇ ಕರಗಿಸಿ ತಂದು ಕಂಪ್ರೆಸರಿನ ಉಕ್ಕಿನ ಭಾಗಗಳ ಮೇಲೆ ಮೆತ್ತುತ್ತದೆ, ಮೋಟರಿನ ತಂತಿಯ ಹೊದಿಕೆಯನ್ನು ತಿನ್ನುತ್ತದೆ. ಒಂದು ದಿನ ಮೋಟರು ಸುಟ್ಟುಹೋಗುತ್ತದೆ. ಎಷ್ಟೋ ವರ್ಷಗಳ ಹಿಂದೆ ಒಳಗೆ ಸೇರಿದ್ದ ಒಂದಿಷ್ಟು ತೇವವೇ ಅದಕ್ಕೆ ಕಾರಣವೆಂದು ಆಗ ಯಾರಿಗೂ ಹೊಳೆಯುವುದಿಲ್ಲ.

ಒಂದಿಷ್ಟು ಎಂದರೆ ಎಷ್ಟು? ಹೊಸ ಆರ್-134ಎ ಗ್ಯಾಸಿನಲ್ಲಿ ತೂಕದ ಲೆಕ್ಕದಲ್ಲಿ ಹತ್ತು ಲಕ್ಷಕ್ಕೆ 10 ಪಾಲಿಗಿಂತ ಹೆಚ್ಚು ನೀರಿರಬಾರದು ಎಂಬುದು ಆ ಉದ್ಯಮದ ಕಟ್ಟಳೆ. ಮನೆಯ ಫ್ರಿಜ್ಜಿನಲ್ಲಿ 100 ಗ್ರಾಂ ಗ್ಯಾಸಿದೆ ಎಂದುಕೊಂಡರೆ ಅದರಲ್ಲಿ ಇರಬಹುದಾದ ನೀರು ಒಂದು ಮಿಲಿಗ್ರಾಂ. ನಲ್ಲಿಯಿಂದ ತೊಟ್ಟಿಕ್ಕುವ ಒಂದು ಹನಿ ಸುಮಾರು 50 ಮಿಲಿಗ್ರಾಂ ತೂಗುತ್ತದೆ. ಅಂದರೆ ಹನಿಯನ್ನು ಐವತ್ತು ಪಾಲು ಮಾಡಿ ಅದರಲ್ಲಿ ಒಂದು ಪಾಲು.

ಈಗ ಕೊಳವೆಯ ಹೊರಗಿನ ಗಾಳಿಯನ್ನು ಲೆಕ್ಕ ಹಾಕೋಣ. ಹೊರಗೆ 40 ಡಿಗ್ರಿ ಬಿಸಿಲು, ಗಾಳಿಯ ಆರ್ದ್ರತೆ ಶೇಕಡಾ 20 ಮಾತ್ರ. ತುಟಿ ಒಡೆಯುವ, ಹಾಕಿದ ಬಟ್ಟೆ ಅರ್ಧ ಗಂಟೆಯಲ್ಲಿ ಗರಿಗರಿಯಾಗುವ ಗಾಳಿ. ಆ ಗಾಳಿಯಲ್ಲೂ ಒಂದು ಘನ ಮೀಟರಿಗೆ ಹತ್ತು ಗ್ರಾಂನಷ್ಟು ನೀರಿರುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯೊಂದರ ಒಣಗಾಳಿಯನ್ನು ಹಿಂಡಿದರೆ ಒಂದು ದೊಡ್ಡ ಲೋಟ ತುಂಬುವಷ್ಟು, ಸುಮಾರು 280 ಗ್ರಾಂ ನೀರು ಸಿಗುತ್ತದೆ. ಈ ಲೆಕ್ಕವನ್ನು ಮೊದಲ ಸಲ ಮಾಡಿ ನೋಡಿದಾಗ ನನಗೆ ನಂಬಿಕೆಯೇ ಬರಲಿಲ್ಲ. ನಾವು ಬರಗಾಳಿ ಎನ್ನುವುದು ನೀರಿನಿಂದ ತುಂಬಿರುವ ಗಾಳಿ; ಕೊಡುವುದಿಲ್ಲ, ಅಷ್ಟೇ. ತೂಕಕ್ಕೆ ತೂಕ ನೋಡಿದರೆ ಫ್ರಿಜ್ಜಿನ ಕೊಳವೆಯ ಒಳಗು ಆದವಾನಿಯ ಏಪ್ರಿಲ್ ಗಾಳಿಗಿಂತ ಹೆಚ್ಚುಕಡಿಮೆ ಸಾವಿರ ಪಟ್ಟು ಒಣಗಿದೆ.

ಆದ್ದರಿಂದಲೇ ಹೊಸ ಫಿಲ್ಟರನ್ನು ಗಾಳಿಯಾಡದಂತೆ ಮುಚ್ಚಿ ಮಾರುತ್ತಾರೆ. ಬಲ್ಲ ಮೆಕ್ಯಾನಿಕ್ ಮಿಕ್ಕೆಲ್ಲ ಕೆಲಸ ಮುಗಿಸಿ, ಬೆಸುಗೆಯ ಬೆಂಕಿ ಹೊತ್ತಿಸುವ ಮುನ್ನವಷ್ಟೇ ಅದರ ಬಾಯಿ ಬಿಚ್ಚುತ್ತಾನೆ. ಬಿಚ್ಚಿ ಬೆಂಚಿನ ಮೇಲಿಟ್ಟು ಚಹಾಕ್ಕೆ ಹೋದರೆ, ಯಾರಿಗೂ ಕಾಣದಂತೆ ಆ ಕಾಳುಗಳು ಬೀದಿಯ ಗಾಳಿಯಿಂದ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡಿರುತ್ತವೆ. ಆಮೇಲೆ ಅವನ್ನು ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಹಳೆಯ ಫಿಲ್ಟರ್ ತೆಗೆಯುವಾಗಲೂ ಹೀಗೇ ಒಂದು ಸೂಕ್ಷ್ಮವಿದೆ. ಬೆಂಕಿ ಹಿಡಿದು ಬೆಸುಗೆ ಬಿಡಿಸುವುದು ಸುಲಭ, ಆದರೆ ಹಾಗೆ ಮಾಡಬಾರದು. ಪೈಪ್ ಕಟರ್‌ನಿಂದ ಕತ್ತರಿಸಬೇಕು. ಕಾದರೆ ಕಾಳುಗಳು ಇಷ್ಟು ವರ್ಷ ಹಿಡಿದಿಟ್ಟ ನೀರನ್ನೆಲ್ಲ ಮತ್ತೆ ಕೊಳವೆಯೊಳಕ್ಕೇ ಬಿಟ್ಟುಬಿಡುತ್ತವೆ. ಆಮೇಲೆ ವ್ಯಾಕ್ಯೂಮ್ ಪಂಪು ಹಚ್ಚಿ ಗಾಳಿಯನ್ನೂ ತೇವವನ್ನೂ ಎಳೆಯಬೇಕು. ಒತ್ತಡ ಅಷ್ಟು ಇಳಿದಾಗ ಕೋಣೆಯ ಶಾಖಕ್ಕೇ ನೀರು ಕುದ್ದು ಆವಿಯಾಗಿ ಹೊರಬರುತ್ತದೆ. ಈ ಕೆಲಸಕ್ಕೆ ಹೊತ್ತು ಹಿಡಿಯುತ್ತದೆ. ಬೇಸಿಗೆಯಲ್ಲಿ ಒಂದರ ಹಿಂದೊಂದು ಫೋನ್ ಬರುತ್ತಿರುವಾಗ ಪಂಪನ್ನು ಸುಮ್ಮನೆ ಓಡಲು ಬಿಟ್ಟು ಪಕ್ಕದಲ್ಲಿ ಕಾಯುತ್ತ ಕೂರುವ ಮೆಕ್ಯಾನಿಕ್ ಸಿಕ್ಕರೆ ಅದು ಆ ಮನೆಯ ಪುಣ್ಯ.

ಒಣಗಿದ್ದನ್ನು ಒಣಗಿದ ಹಾಗೆಯೇ ಕಾಪಾಡುವುದು ಒಂದು ವಿದ್ಯೆ ಎಂಬುದು ಈ ಸೀಮೆಗೆ ಹೊಸ ಮಾತಲ್ಲ. ಜೋಳವನ್ನು ಹಗೇವಿನಲ್ಲಿ ತುಂಬಿ ವರ್ಷಾನುಗಟ್ಟಲೆ ಇಡುತ್ತಿದ್ದವರು ನಮ್ಮ ಹಿರಿಯರು. ಗಟ್ಟಿ ನೆಲ ನೋಡಿ ಅಗೆದು, ಸುತ್ತ ಹುಲ್ಲು ಹಾಸಿ, ಕಾಳು ಸುರಿದು, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತುತ್ತಿದ್ದರು. ಒಮ್ಮೆ ಮುಚ್ಚಿದ ಮೇಲೆ ಬೇಕಾದಾಗಲೆಲ್ಲ ತೆಗೆದು ನೋಡುವ ಹಾಗಿರಲಿಲ್ಲ. ತೆಗೆದರೆ ತೇವ ಇಳಿಯುತ್ತದೆ, ತೇವ ಇಳಿದರೆ ಕಾಳು ಮುಗ್ಗಲು. ಮುಚ್ಚಿದ ಬಾಯಿಯ ಮೇಲೆ ಅವರು ಇಟ್ಟಿದ್ದ ನಂಬಿಕೆಯನ್ನೇ ಇವತ್ತು ತಾಮ್ರದ ಬೆಸುಗೆಯ ಮೇಲೆ ಇಟ್ಟಿದ್ದೇವೆ.

ಇನ್ನು ಆ ಕಾಳುಗಳ ವಿಷಯ. ನಾನು ಇಷ್ಟು ಹೊತ್ತು ಹೇಳಬೇಕೆಂದು ಕಾದಿದ್ದು ಅದನ್ನೇ.

ಜರಡಿ ಎಂದರೆ ನಮಗೆ ಗೊತ್ತಿರುವುದು ಒಂದೇ ಬಗೆ: ಸಣ್ಣದು ಕೆಳಗೆ ಬೀಳುತ್ತದೆ, ದಪ್ಪದ್ದು ಮೇಲುಳಿಯುತ್ತದೆ. ಫಿಲ್ಟರಿನ ತುದಿಯ ಜಾಲರಿ ಅದೇ ನ್ಯಾಯದಲ್ಲಿ ಕೆಲಸ ಮಾಡುತ್ತದೆ. ತಾಮ್ರದ ಚೂರು, ಬೆಸುಗೆಯ ಕಿಟ್ಟ, ಕಂಪ್ರೆಸರಿನಿಂದ ಸವೆದು ಬಂದ ಪುಡಿ ಅಲ್ಲಿ ನಿಲ್ಲುತ್ತವೆ. ಕಾಳುಗಳ ನ್ಯಾಯ ತಿರುಗುಮುರುಗು. ಅಲ್ಲಿ ದೊಡ್ಡದು ಮುಂದೆ ಹೋಗುತ್ತದೆ, ಸಣ್ಣದು ಒಳಗೆ ಸಿಕ್ಕಿಬೀಳುತ್ತದೆ. ಒಂದೊಂದು ಕಾಳೂ ಅಸಂಖ್ಯಾತ ಸೂಕ್ಷ್ಮ ಹರಳುಗಳ ಮುದ್ದೆ. ಒಂದೊಂದು ಹರಳೂ ಸಾಲುಸಾಲು ಕೋಣೆಗಳ ಕಟ್ಟಡ. ಸಿಲಿಕಾನ್, ಅಲ್ಯುಮಿನಿಯಂ, ಆಮ್ಲಜನಕದ ಪರಮಾಣುಗಳೇ ಅದರ ಕಂಬ, ತೊಲೆ. ಕೋಣೆಯಿಂದ ಕೋಣೆಗೆ ಬಾಗಿಲುಗಳಿವೆ. ಪ್ರತಿ ಬಾಗಿಲಿನ ಚೌಕಟ್ಟಿನಲ್ಲೂ ಎಂಟು ಆಮ್ಲಜನಕಗಳು ಸುತ್ತುಗಟ್ಟಿ ನಿಂತಿವೆ. ಬಾಗಿಲಿನ ಅಗಲ ನಾಲ್ಕು ಆಂಗ್‌ಸ್ಟ್ರಾಮ್. ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ನೀರಿನ ಅಣು ಮೂರು ಆಂಗ್‌ಸ್ಟ್ರಾಮಿಗಿಂತಲೂ ಚಿಕ್ಕದು, ಹಾಗಾಗಿ ಸಲೀಸಾಗಿ ಒಳಹೋಗುತ್ತದೆ. ಹಳೆಯ ಫ್ರಿಜ್ಜುಗಳ ಆರ್-12 ಗ್ಯಾಸಿನ ಅಣು ನಾಲ್ಕಕ್ಕಿಂತ ದೊಡ್ಡದು. ಹೊಸ್ತಿಲ ತನಕ ಬಂದು, ಹಿಡಿಸದೆ, ಮುಂದೆ ಹರಿದುಹೋಗುತ್ತದೆ. ಒಳಹೊಕ್ಕ ನೀರನ್ನು ಹಿಡಿದಿಡಲು ಕೋಣೆಯಲ್ಲಿ ಸೋಡಿಯಂ ಅಯಾನುಗಳಿವೆ. ನೀರಿನ ಅಣುವಿಗೆ ಒಂದು ಕಡೆ ಧನ, ಒಂದು ಕಡೆ ಋಣ ಇರುವುದರಿಂದ ಅವುಗಳ ಸೆಳೆತಕ್ಕೆ ಸಿಕ್ಕಿ ಅಲ್ಲೇ ನಿಲ್ಲುತ್ತದೆ. ಹೀಗೆ ಈ ಕಲ್ಲು ತನ್ನ ತೂಕದ ಸುಮಾರು ಐದನೆಯ ಒಂದು ಪಾಲು ನೀರನ್ನು ಒಳಗಿಟ್ಟುಕೊಂಡೂ ಹೊರಗೆ ಒಣಗಿದ ಕಾಳಾಗಿಯೇ ಕಾಣುತ್ತದೆ. ಊದುವುದಿಲ್ಲ, ಒಸರುವುದಿಲ್ಲ. ಚೆನ್ನಾಗಿ ಒಣಗಿದ ಕಾಳುಗಳನ್ನು ಅಂಗೈಲಿಟ್ಟು ಮೇಲೆ ನಾಲ್ಕು ಹನಿ ನೀರು ಬಿಟ್ಟರೆ ಕೈ ಚುರುಕ್ಕೆನ್ನುವಷ್ಟು ಬಿಸಿಯಾಗುತ್ತದೆ. ನೀರು ಮನೆ ಸೇರಿದ ಶಾಖ ಅದು.

ಜಿಯೊಲೈಟ್ ಎಂಬ ಈ ಕಲ್ಲಿನ ಕುಲವನ್ನು ಮೊದಲು ಗುರುತಿಸಿದವನು ಸ್ವೀಡನ್ನಿನ ಖನಿಜ ಶಾಸ್ತ್ರಜ್ಞ ಆಕ್ಸೆಲ್ ಕ್ರೋನ್‌ಸ್ಟೆಟ್, 1756ರಲ್ಲಿ. ಒಂದು ಹರಳನ್ನು ಊದುಕೊಳವೆಯ ಉರಿಗೆ ಹಿಡಿದಾಗ ಅದು ಕುದಿಯುವಂತೆ ಉಕ್ಕಿ ಆವಿ ಬಿಟ್ಟದ್ದನ್ನು ಅವನು ಕಂಡ. ಕಲ್ಲಿನೊಳಗೆ ನೀರು! ನಮ್ಮ ದಖ್ಖನ್ನಿನ ಕಪ್ಪು ಬಸಾಲ್ಟ್ ಬಂಡೆಗಳ ಪೊಳ್ಳುಗಳಲ್ಲಿ ಇಂಥ ಹರಳುಗಳು ಹೇರಳ. ಪುಣೆ, ನಾಸಿಕ್, ಜಳಗಾಂವ್ ಕಡೆಯ ಕಲ್ಲುಕ್ವಾರಿಗಳಲ್ಲಿ ಸಿಕ್ಕವು ಜಗತ್ತಿನ ಸಂಗ್ರಹಾಲಯಗಳನ್ನು ಸೇರಿವೆ. ಆದವಾನಿಯ ಬೆಟ್ಟಗಳು ಆ ಜಾತಿಯವಲ್ಲ, ಅವು ಅದಕ್ಕಿಂತ ಬಹಳ ಹಳೆಯ ಗ್ರಾನೈಟು. ಆದರೆ ಬೆಟ್ಟದ ಕೆಳಗಿನ ನೆಲವನ್ನು ನೋಡಿ. ಎರೆ ಮಣ್ಣಿನ ಜೀವಾಳ ಮಾಂಟ್‌ಮೊರಿಲೊನೈಟ್ ಬಳಗದ ಜೇಡಿ. ಅದರಲ್ಲೂ ಇರುವುದು ಸಿಲಿಕಾನ್, ಅಲ್ಯುಮಿನಿಯಂ, ಆಮ್ಲಜನಕ. ಇಲ್ಲಿ ಕೋಣೆಗಳ ಬದಲು ಹಾಳೆಯ ಮೇಲೆ ಹಾಳೆ. ಮಳೆ ಬಿದ್ದಾಗ ಹಾಳೆಗಳ ನಡುವೆ ನೀರು ನುಗ್ಗಿ ಎರೆ ಉಬ್ಬುತ್ತದೆ, ಬೇಸಿಗೆಯಲ್ಲಿ ನೀರು ಹೋಗಿ ಕಾಲು ಸಿಗುವಷ್ಟು ಬಿರುಕು ಬಿಡುತ್ತದೆ. ಇದೇ ಜೇಡಿಯನ್ನು ಒಣಗಿಸಿ ಸಣ್ಣ ಚೀಲಗಳಲ್ಲಿ ತುಂಬಿ, ಸಾಮಾನಿನ ಪೆಟ್ಟಿಗೆಗಳಲ್ಲಿ ತೇವ ಹೀರಲು ಇಡುತ್ತಾರೆ. ಹತ್ತಿ ಬೆಳೆದವರು ತಲೆಮಾರುಗಳಿಂದ ತುಳಿದಾಡಿದ ನೆಲ, ಫ್ರಿಜ್ಜಿನ ಹಿಂದಿನ ಆ ಕಾಳುಗಳಿಗೆ ದೂರದ ನೆಂಟ. ಇದನ್ನು ತಿಳಿದ ಮೇಲೆ ಎರೆಹೊಲದ ಬಿರುಕನ್ನು ನಾನು ಬರದ ಗುರುತಾಗಿ ಮಾತ್ರ ನೋಡಲಾರದವನಾಗಿದ್ದೇನೆ. ನೀರಿನ ಆಸೆ ಆ ಮಣ್ಣಿನ ರಚನೆಯಲ್ಲೇ ಇದೆ.

ಹತ್ತಿಯ ಮಾತು ಬಂತು. ಆದವಾನಿ ಹತ್ತಿಯ ಪೇಟೆ. ಜಿನ್ನಿಂಗ್ ಮಿಲ್ಲು, ಎಣ್ಣೆ ಮಿಲ್ಲುಗಳ ಊರು. ಹತ್ತಿಯೂ ನೀರು ಹಿಡಿಯುವ ವಸ್ತುವೇ. ತನ್ನ ತೂಕದ ಶೇಕಡಾ ಏಳೆಂಟರಷ್ಟು ತೇವ ಅದರಲ್ಲಿ ಸಹಜವಾಗಿ ಇರುತ್ತದೆ. ಆ ತೇವ ಹೋದರೆ ಎಳೆ ಪಟಪಟನೆ ತುಂಡಾಗುತ್ತದೆ. ಏರ್ ಕಂಡೀಷನಿಂಗ್ ಎಂಬ ಕಸುಬು ಬೆಳೆದದ್ದೂ ಈ ಚಿಂತೆಯಿಂದಲೇ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. 1902ರಲ್ಲಿ ವಿಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ಯಂತ್ರ ಹೂಡಿದ್ದು ಕಾಗದ ತೇವಕ್ಕೆ ಹಿಗ್ಗಿ ಬಣ್ಣಗಳು ಅತ್ತಿತ್ತ ಸರಿಯುತ್ತಿದ್ದುದನ್ನು ತಡೆಯಲು. 1906ರಲ್ಲಿ ಉತ್ತರ ಕೆರೊಲಿನಾದ ಸ್ಟುವರ್ಟ್ ಕ್ರೇಮರ್ ಆ ಹೆಸರನ್ನು ಬಳಸಿದ್ದು ಹತ್ತಿ ಗಿರಣಿಯ ಗಾಳಿಗೆ ತೇವ ಕೊಡುವ ಕೆಲಸಕ್ಕೆ. ಇಬ್ಬರ ಕಣ್ಣೂ ತಂಪಿಗಿಂತ ಹೆಚ್ಚಾಗಿ ಗಾಳಿಯಲ್ಲಿರುವ ನೀರಿನ ಮೇಲಿತ್ತು.

ಇವತ್ತಿಗೂ ಏಸಿ ಮಾಡುವ ಕೆಲಸದಲ್ಲಿ ಒಂದು ಪಾಲು ಅದೇ. ಮಂತ್ರಾಲಯದ ವಸತಿಗೃಹವೊಂದರ ಹಿಂದೆ ಹೋಗಿ ನಿಂತರೆ ಏಸಿಗಳ ಪೈಪಿನಿಂದ ನೀರು ತೊಟ್ಟಿಕ್ಕುವುದು ಕಾಣುತ್ತದೆ. ಕೆಲವರು ಕೆಳಗೆ ಬಕೆಟ್ ಇಟ್ಟು ಗಿಡಕ್ಕೆ ಹಾಕುತ್ತಾರೆ. ಕೋಣೆಯ ಗಾಳಿ ಬಿಟ್ಟುಕೊಡದೆ ಇಟ್ಟುಕೊಂಡಿದ್ದ ನೀರು ಕೂಲಿಂಗ್ ಕಾಯಿಲ್‌ನ ತಣ್ಣನೆಯ ಮೈಗೆ ತಾಗಿ ಹನಿಯಾಗಿ ಇಳಿದದ್ದು ಅದು. ಆ ಕಾಯಿಲ್ಲಿನ ಕೊಳವೆಯ ಗೋಡೆ ಒಂದು ಮಿಲಿಮೀಟರೂ ದಪ್ಪವಿಲ್ಲ. ಗೋಡೆಯ ಈಚೆ ನೀರು ಧಾರೆಯಾಗಿ ಸುರಿಯುತ್ತಿದೆ, ಆಚೆ ಹನಿಯ ಐವತ್ತನೇ ಪಾಲಿಗೂ ಲೆಕ್ಕ ಕೇಳುವ ಶುಷ್ಕ ಲೋಕ. ಎರಡಕ್ಕೂ ನಡುವೆ ಉಗುರಿನಷ್ಟು ತಾಮ್ರ. ಏಸಿ ಹಾಕಿಕೊಂಡು ಮಲಗಿದವರ ತಲೆಯ ಮೇಲೆ ರಾತ್ರಿಯಿಡೀ ನಡೆಯುವ ಈ ವ್ಯವಹಾರ ಯಾವ ಪವಾಡಕ್ಕೂ ಕಡಿಮೆಯೆಂದು ನನಗೆ ಅನ್ನಿಸಿಲ್ಲ.

ಎಲ್ಲ ತಂಪು ಯಂತ್ರಗಳೂ ನೀರಿಗೆ ಹೀಗೆ ಹೆದರುವುದಿಲ್ಲ ಎಂಬುದನ್ನೂ ಹೇಳಬೇಕು. ಐಸ್ ಫ್ಯಾಕ್ಟರಿಗಳಲ್ಲಿ, ದೊಡ್ಡ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಓಡುವುದು ಅಮೋನಿಯ. ಅಮೋನಿಯಕ್ಕೂ ನೀರಿಗೂ ಹಳೆಯ ಸ್ನೇಹ. ಒಂದರಲ್ಲೊಂದು ಕರಗಿಹೋಗುತ್ತವೆ, ಹೆಪ್ಪುಗಟ್ಟಿ ದಾರಿ ಮುಚ್ಚುವ ಭಯವಿಲ್ಲ. ಅಮೋನಿಯದ ಅಣುವೂ ನೀರಿನಷ್ಟೇ ಸಣ್ಣದಾದ್ದರಿಂದ ಈ ಕಾಳುಗಳಿಗೆ ಅವೆರಡನ್ನೂ ಬೇರೆ ಮಾಡಲು ಬರುವುದಿಲ್ಲ. ಅಲ್ಲಿ ಡ್ರೈಯರ್ ಇರುವುದಿಲ್ಲ.

ಫಿಲ್ಟರಿನಲ್ಲಿ ಈಗಿರುವ ಕೃತಕ ಕಾಳುಗಳು ಬರುವ ಮೊದಲು ಅಲ್ಲಿ ಬೇರೆ ಬೇರೆ ವಸ್ತುಗಳನ್ನು ಹಾಕಿ ನೋಡಿದ್ದರು. ಕ್ಯಾಲ್ಸಿಯಂ ಕ್ಲೋರೈಡ್ ನೀರು ಹೀರುತ್ತ ಹೀರುತ್ತ ತಾನೇ ಕರಗಿ ಉಪ್ಪುನೀರಾಗಿ ಯಂತ್ರದೊಳಗೆ ಹರಿದುಬಿಡುತ್ತಿತ್ತು. ಸಿಲಿಕಾ ಜೆಲ್ ಬಂತು, ಆಮ್ಲವನ್ನೂ ಹಿಡಿಯುವ ಅಲ್ಯುಮಿನಾ ಬಂತು. ಅಲ್ಯುಮಿನಾ ದೊಡ್ಡ ಏಸಿಗಳ ಡ್ರೈಯರ್‌ಗಳಲ್ಲಿ ಈಗಲೂ ಇದೆ. ಅಂಥ ದೊಡ್ಡ ಯಂತ್ರಗಳಲ್ಲಿ ಡ್ರೈಯರ್‌ನ ಮುಂದೆ ಒಂದು ಗಾಜಿನ ಕಣ್ಣಿರುತ್ತದೆ. ನಡುವಿನ ಬೊಟ್ಟು ಹಸಿರಾಗಿದ್ದರೆ ಒಳಗೆ ಒಣಗಿದೆ, ಹಳದಿಗೆ ತಿರುಗಿದರೆ ನೀರು ಸೇರಿದೆ. ಮನೆಯ ಫ್ರಿಜ್ಜಿಗೆ ಆ ಕಣ್ಣೂ ಇಲ್ಲ. ಪ್ರಕೃತಿಯಲ್ಲಿ ಸಿಗುವ ಜಿಯೊಲೈಟಿನ ಬಾಗಿಲುಗಳು ಒಂದೇ ಅಳತೆಗೆ ಬೇಕಾದಷ್ಟು ಸಿಗುವುದಿಲ್ಲವಾದ್ದರಿಂದ, ಬೇಕಾದ ಅಳತೆಯ ಕಲ್ಲನ್ನೇ ಹುಟ್ಟಿಸಲು ಹೊರಟವನು ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪನಿಯ ರಾಬರ್ಟ್ ಮಿಲ್ಟನ್. 1940ರ ದಶಕದ ಕೊನೆಯಲ್ಲಿ ಅವನು ಮಾಡಿದ ಕಲ್ಲು 1954ರಲ್ಲಿ ಮಾರುಕಟ್ಟೆಗೆ ಬಂತು. ಇದೇ ಕುಲದ ಬೇರೊಂದು ಕಲ್ಲು ಗಾಳಿಯ ಸಾರಜನಕವನ್ನು ಹಿಡಿದಿಟ್ಟು ಆಮ್ಲಜನಕವನ್ನು ಮುಂದೆ ಬಿಡುತ್ತದೆ. 2021ರ ಬೇಸಿಗೆಯಲ್ಲಿ ದೇಶ ಉಸಿರಿಗಾಗಿ ಪರದಾಡುತ್ತಿದ್ದಾಗ ಆಮ್ಲಜನಕ ಘಟಕಗಳಿಗಾಗಿ ಆ ಕಲ್ಲನ್ನು ವಿಮಾನಗಳಲ್ಲಿ ತರಿಸಬೇಕಾಯಿತು.

ಮಿಲ್ಟನ್ನನ ಕಲ್ಲು ಹುಟ್ಟುವ ರೀತಿಯನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅದು ಹುಟ್ಟುವುದು ನೀರಿನಲ್ಲಿ. ಸೋಡಿಯಂ ಸಿಲಿಕೇಟ್, ಅಲ್ಯುಮಿನೇಟ್‌ಗಳನ್ನು ಕ್ಷಾರದ ನೀರಿನಲ್ಲಿ ಬೆರೆಸಿದರೆ ಗಂಜಿಯಾಗುತ್ತದೆ. ಅದನ್ನು ಕುದಿಯುವ ಅಂಚಿನಲ್ಲಿ ಕೆಲವು ಗಂಟೆ ಕಾಯಿಸಿದರೆ ಅಣುಗಳು ನೀರಿನ ಸುತ್ತಲೇ ಕೂಡಿಕೊಂಡು ಹರಳಾಗುತ್ತವೆ. ಹುಟ್ಟಿದಾಗ ಪ್ರತಿಯೊಂದು ಕೋಣೆಯೂ ನೀರಿನಿಂದ ತುಂಬಿರುತ್ತದೆ. ಆಮೇಲೆ ಬಿಸಿ ಕೊಟ್ಟು ಆ ನೀರನ್ನು ಹೊರಗಟ್ಟುತ್ತಾರೆ, ಕೋಣೆಗಳು ಬಿದ್ದುಹೋಗದೆ ಹಾಗೇ ಬರಿದಾಗಿ ನಿಲ್ಲುತ್ತವೆ. ಕಲ್ಲು ಮುಂದೆ ಯಂತ್ರದೊಳಗೆ ಹುಡುಕುವುದು ಹುಟ್ಟುವಾಗ ತನ್ನಲ್ಲಿದ್ದದ್ದನ್ನೇ.

ಈಗ ಹೊಸ ಏಸಿಗಳಿಗೆ ಆರ್-32 ಗ್ಯಾಸು ಬಂದಿದೆ. ಅದರ ಅಣು ಹಳೆಯವಕ್ಕಿಂತ ಚಿಕ್ಕದು. ನಾಲ್ಕು ಆಂಗ್‌ಸ್ಟ್ರಾಮಿನ ಬಾಗಿಲಲ್ಲಿ ಅದೂ ನೀರಿನ ಜೊತೆ ಒಳನುಗ್ಗುತ್ತದೆ. ಹಾಗಾದರೆ ಬಾಗಿಲನ್ನು ಮೂರಕ್ಕೆ ಇಳಿಸಬೇಕು. ಕೋಟಿಯಲ್ಲೊಂದು ಪಾಲನ್ನು ಅಳೆದು ಕೆತ್ತುವ ಉಳಿ ಯಾರ ಹತ್ತಿರವೂ ಇಲ್ಲ. ಅದಕ್ಕೆ ಮಾಡುವುದು ಇಷ್ಟೇ: ಹರಳುಗಳನ್ನು ಪೊಟ್ಯಾಸಿಯಂ ಉಪ್ಪಿನ ನೀರಿನಲ್ಲಿ ನೆನೆಹಾಕುತ್ತಾರೆ. ಸೋಡಿಯಂ ಎದ್ದು ಹೊರಬರುತ್ತದೆ, ಅದರ ಜಾಗದಲ್ಲಿ ಪೊಟ್ಯಾಸಿಯಂ ಹೋಗಿ ಕೂರುತ್ತದೆ. ಅದು ಸೋಡಿಯಂಗಿಂತ ತುಸು ದಪ್ಪ, ಆದ್ದರಿಂದ ಬಾಗಿಲು ತುಸು ಕಿರಿದು. ಆಮೇಲೆ ಒಣಗಿಸಿ, ಕಾಳು ಕಟ್ಟಿ, ಕಾಯಿಸಿ, ಗಾಳಿಯಾಡದ ಡಬ್ಬಿಗಳಲ್ಲಿ ಮುಚ್ಚಿ ಕಳಿಸುತ್ತಾರೆ.